ಮೇಜಿಲ್ಲದ ಹಾಲ್‌ನಲ್ಲಿ ಜಾದೂ: ಆರತಕ್ಷತೆಗೆ ಯಾವ ಐಟಂ ಒಯ್ಯಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾನು ವಿಜಯನಗರದವನು. ಸಾಫ್ಟ್‌ವೇರ್ ಕೆಲಸ, ಜಾದೂ ಹವ್ಯಾಸ. ಬರುವ ತಿಂಗಳು ನನ್ನ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನ ಸಂಜೆ ಕನಕಪುರ ರಸ್ತೆಯ ಒಂದು ಕನ್ವೆನ್ಷನ್ ಹಾಲ್‌ನಲ್ಲಿ ಆರತಕ್ಷತೆ, 600 ಜನ ಬರಬಹುದು. "ಬಂದವರ ಮಧ್ಯೆ ಓಡಾಡ್ಕೊಂಡು ಏನಾದ್ರೂ ಮಾಡೋ" ಅಂತ ಚಿಕ್ಕಪ್ಪ ಹೇಳಿದ್ದಾರೆ. ನನ್ನ ಹತ್ತಿರ ಸ್ಪಾಂಜ್ ಬಾಲ್, ಕವುಚಿದ ಲೋಟದಡಿ ಚೆಂಡು ಮಾಯವಾಗುವ ಕಪ್ಸ್ ಅಂಡ್ ಬಾಲ್ಸ್, ಎರಡು ಪ್ಯಾಕ್ ಇಸ್ಪೀಟು, ನೋಡುವವರು ಹೇಳಿದ ಎಲೆಯೊಂದೇ ತಿರುಗಿ ಕೂತಿರುವ ಇನ್ವಿಸಿಬಲ್ ಡೆಕ್, 100ರ ನೋಟು 500 ಆಗುವ ಐಟಂ, ನಿಂಬೆಹಣ್ಣಿನೊಳಗೆ ನೋಟು ಸಿಗುವ ಐಟಂ ಇವೆ. ನಾಣ್ಯದಲ್ಲೂ ಸ್ವಲ್ಪ ಕೈ ಪಳಗಿದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಹುಡುಗ-ಹುಡುಗಿಗೆ ಅಂತಲೇ ಒಂದು ವಿಶೇಷ ಐಟಂ ಬೇಕು. ಸ್ಟೇಜ್ ಮೇಲೆ ಕರೆದರೆ ಹೋಗಬಹುದಾ?

ಉತ್ತರ: ಮೊದಲು ನಿಮ್ಮ ಚೀಲ ಹಗುರ ಮಾಡೋಣ. ಸ್ಪಾಂಜ್ ಬಾಲ್ ಇರಲಿ, ನಾಣ್ಯ ಇರಲಿ, ಒಂದು ಪ್ಯಾಕ್ ಇಸ್ಪೀಟು ಇರಲಿ. ಇನ್ವಿಸಿಬಲ್ ಡೆಕ್ ಒಳಜೇಬಿನಲ್ಲಿರಲಿ, ತಕ್ಕ ಗುಂಪು ಸಿಕ್ಕರೆ ತೆಗೆಯುವಿರಂತೆ. ಕಪ್ಸ್ ಅಂಡ್ ಬಾಲ್ಸ್ ಹಾಲ್‌ಗೆ ತರಬೇಡಿ, ಮೇಲಿನ ರೂಮಿನಲ್ಲಿಡಿ. ಅದಕ್ಕೆ ಬೇರೆ ಹೊತ್ತಿದೆ, ಮುಂದೆ ಹೇಳುತ್ತೇನೆ. ನಿಂಬೆಹಣ್ಣು ಮನೆಯಲ್ಲೇ ಇರಲಿ, ಉಪ್ಪಿನಕಾಯಿಗಾಗುತ್ತದೆ.

ನೀವು ನೋಡಿ ಕಲಿತ ವಿಡಿಯೊಗಳು ಬಹುಪಾಲು ಅಮೆರಿಕದವು, ಇಂಗ್ಲೆಂಡಿನವು ಇರಬೇಕು. ಅಲ್ಲಿನ ಆರತಕ್ಷತೆಯಲ್ಲಿ ದುಂಡು ಮೇಜಿನ ಸುತ್ತ ಎಂಟು-ಹತ್ತು ಜನ ಕೂತಿರುತ್ತಾರೆ, ಊಟ ಇನ್ನೂ ಬಂದಿರುವುದಿಲ್ಲ. ಜಾದೂಗಾರ ಮೇಜಿನಿಂದ ಮೇಜಿಗೆ ಹೋಗಿ ಇಸ್ಪೀಟಿನ ಎಲೆ ಹರಡುತ್ತಾನೆ, ನಾಣ್ಯ ಜೋಡಿಸುತ್ತಾನೆ, ಲೋಟ ಕವುಚುತ್ತಾನೆ. ನಮ್ಮ ಹಾಲ್‌ಗಳಲ್ಲಿ ಏನಿದೆ? ಸ್ಟೇಜಿಗೆ ಮುಖ ಮಾಡಿದ ಕುರ್ಚಿ ಸಾಲು, ಕಿವಿಗಡಚಿಕ್ಕುವ ಆರ್ಕೆಸ್ಟ್ರಾ, ಒಂದು ಕೈಯಲ್ಲಿ ಗಿಫ್ಟು ಇನ್ನೊಂದರಲ್ಲಿ ಮಗು ಹಿಡಿದ ಜನ. ಮೇಜು ಸಿಗುವುದು ಊಟದ ಹಾಲ್‌ನಲ್ಲಿ, ಅಲ್ಲಿ ಬಾಳೆಎಲೆ ಹಾಸಿರುತ್ತದೆ. ಹಾಗಾಗಿ ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು: ಐಟಂ ಮುಗಿಯುವುದು ಎಲ್ಲಿ? ಅತಿಥಿಯ ಅಂಗೈಯಲ್ಲಿ ಮುಗಿದರೆ ಕಣ್ಣು ಮುಚ್ಚಿ ಒಯ್ಯಿರಿ. ನಿಮ್ಮ ಕೈಯಲ್ಲಿ ಮುಗಿದರೆ ಯೋಚಿಸಿ. ಮೇಜಿನ ಮೇಲೆ ಮುಗಿದರೆ ಬಿಡಿ.

ಸಂಜೆ ಹೇಗೆ ಸಾಗುತ್ತದೆಂದು ನಿಮಗೂ ಗೊತ್ತು, ಆದರೆ ಜಾದೂಗಾರನ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಆಹ್ವಾನ ಪತ್ರಿಕೆಯಲ್ಲಿ ಸಂಜೆ 6.30 ಎಂದಿರುತ್ತದೆ. ಹುಡುಗಿಯ ಮೇಕಪ್ ಮುಗಿದು, ಫೋಟೊದವರು ಹೊರಗೆ "ಇನ್ನೊಂದೇ ಒಂದು" ಅನ್ನುವುದು ಮುಗಿದು, ಜೋಡಿ ಸ್ಟೇಜಿಗೆ ಬರುವಷ್ಟರಲ್ಲಿ ಏಳೂವರೆ ದಾಟಿರುತ್ತದೆ. ಸಮಯಕ್ಕೆ ಸರಿಯಾಗಿ ಬಂದವರು, ಅಂದರೆ ಹೆಚ್ಚಾಗಿ ಹಿರಿಯರು, ವೆಲ್‌ಕಮ್ ಡ್ರಿಂಕ್ ಕುಡಿದು ಖಾಲಿ ಸ್ಟೇಜ್ ನೋಡುತ್ತ ಕೂತಿರುತ್ತಾರೆ. ಆ ಒಂದು ಗಂಟೆ ನಿಮ್ಮದು. ಇಡೀ ಸಂಜೆಯಲ್ಲಿ ಅದರಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಮುಂದಿನ ಸಾಲಿನ ಎರಡು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಆಮೇಲೆ ಜೋಡಿಯನ್ನು ಹರಸಲು ಕ್ಯೂ ಶುರುವಾಗುತ್ತದೆ. ಕ್ಯೂ ನಿಧಾನ, ಆದರೆ ನಿಲ್ಲುವುದಿಲ್ಲ. ಅಲ್ಲಿ ಮುಕ್ಕಾಲು ನಿಮಿಷದ ಒಂದೇ ಐಟಂ ನಡೆಯುತ್ತದೆ. ಅತಿಥಿಗಳ ಪಂಕ್ತಿ ನಡೆಯುವಾಗ ಊಟದ ಹಾಲ್‌ಗೆ ಮಾತ್ರ ಕಾಲಿಡಬೇಡಿ. ಉಣ್ಣುವವರ ಕೈ ಎಲೆಯಲ್ಲಿ, ಮುಂದಿನ ಪಂಕ್ತಿಯವರ ಕಣ್ಣು ಕುರ್ಚಿಯಲ್ಲಿ. ಕುರ್ಚಿ ಹಿಡಿಯಲು ಹಿಂದೆ ನಿಂತವರಿಗೆ ಸಾಕ್ಷಾತ್ ಇಂದ್ರನೇ ಬಂದು ಇಂದ್ರಜಾಲ ತೋರಿಸಿದರೂ ಬೇಡ. ಊಟ ಮುಗಿಸಿ ಐಸ್‌ಕ್ರೀಂ, ಬೀಡಾ ಕೌಂಟರ್ ಹತ್ತಿರ ನಿಂತವರು ಮತ್ತೆ ನಿಮ್ಮ ಪಾಲಿಗೆ. ಹೊಟ್ಟೆ ತುಂಬಿದೆ, ಮನೆಗೆ ಹೊರಡುವ ಮನಸ್ಸಿಲ್ಲ, ಕ್ಯಾಬ್ ಬರಲು ಇನ್ನೂ ಹತ್ತು ನಿಮಿಷ ಇದೆ. ಅವರ ಒಂದು ಕೈಯಲ್ಲಿ ಐಸ್‌ಕ್ರೀಂ ಕಪ್ ಇರುವುದರಿಂದ ಅಲ್ಲಿಗೆ ನಿಮ್ಮ ಕೈಯಲ್ಲಿ ನಡೆಯುವ ಐಟಂ ಬೇಕು. ಇಸ್ಪೀಟು ಅಲ್ಲಿ ತೆಗೆಯಿರಿ.

ಈಗ ಒಂದೊಂದಾಗಿ.

ಸ್ಪಾಂಜ್ ಬಾಲ್ ಎಂದರೆ ಮೂಗು ಮುರಿಯುವ ಹುಡುಗರಿದ್ದಾರೆ. ಮಕ್ಕಳಾಟದಂತೆ ಕಾಣುತ್ತದೆ, ಕಾರ್ಡಿನಂಥ ಠೀವಿ ಇಲ್ಲ, ರೀಲ್‌ಗೆ ಸರಿಹೋಗುವುದಿಲ್ಲ ಎನ್ನುತ್ತಾರೆ. ಅವರು ಹಾಗೆ ಅಂದುಕೊಂಡಿರಲಿ. ಒಂದು ಬಾಲ್ ನಿಮ್ಮ ಕೈಯಲ್ಲಿ, ಒಂದು ಅಜ್ಜಿಯ ಮುಷ್ಟಿಯಲ್ಲಿ. ನಿಮ್ಮದು ಮಾಯ. ಅಜ್ಜಿ ಮುಷ್ಟಿ ಬಿಚ್ಚಿದರೆ ಎರಡೂ ಅಲ್ಲೇ. ಇದಕ್ಕೆ ಎಲೆಯ ಹೆಸರು ಗೊತ್ತಿರಬೇಕಿಲ್ಲ, ಮಾತು ಕೇಳಿಸಬೇಕಿಲ್ಲ. ಗಂಡಿನ ಕಡೆಯವರು ತೆಲುಗು ಮಾತಾಡಲಿ, ಹುಡುಗಿಯ ಆಫೀಸಿನವರು ಹಿಂದಿ ಮಾತಾಡಲಿ, ಆರ್ಕೆಸ್ಟ್ರಾದವರು ಗಂಟಲು ಹರಿಯುವಂತೆ ಹಾಡಲಿ, ಐಟಂ ಹಾಗೇ ನಡೆಯುತ್ತದೆ. ಒಂದೂವರೆ ಇಂಚಿನ ಬಾಲ್ ತೆಗೆದುಕೊಳ್ಳಿ. ಎರಡು ಇಂಚಿನದು ನಿಮ್ಮ ಕೈಗೆ ಸರಿ, ಅಜ್ಜಿಯ ಪುಟ್ಟ ಮುಷ್ಟಿಗೆ ದೊಡ್ಡದಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಲಿಸುವ ವಿಡಿಯೊಗಳಲ್ಲಿ ಜಾದೂಗಾರ ಎದುರಿನವರ ಕೈ ಹಿಡಿದು, ಬಾಲ್ ಇಟ್ಟು, ತಾನೇ ಅವರ ಬೆರಳು ಮಡಚುತ್ತಾನೆ. ನಮ್ಮ ಮದುವೆ ಹಾಲ್‌ನಲ್ಲಿ ಗುರುತಿಲ್ಲದ ಹೆಣ್ಣುಮಗಳ ಕೈ ಹಿಡಿದು ಹಾಗೆ ಮಾಡಿದರೆ ಆಕೆಗೂ ಮುಜುಗರ, ಪಕ್ಕದಲ್ಲಿರುವ ಯಜಮಾನರಿಗೂ ಮುಜುಗರ. "ಅಮ್ಮಾ, ಕೈ ಚಾಚಿ... ಇಟ್ಟ ತಕ್ಷಣ ಮುಚ್ಬಿಡಿ, ಹಾರಿಹೋಗುತ್ತೆ" ಎಂದು ಹೇಳಿ ಮೇಲಿನಿಂದ ಇಡಿ, ಅವರೇ ಮುಚ್ಚಿಕೊಳ್ಳಲಿ. ಮುಚ್ಚುವುದು ತಡವಾದರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ. ಆದ್ದರಿಂದ ಈ ಒಂದು ಮಾತನ್ನೂ ಅದರ ಲಯವನ್ನೂ ಕೈಚಳಕದಷ್ಟೇ ಅಭ್ಯಾಸ ಮಾಡಿ. ಮನೆಯಲ್ಲಿ ಅಮ್ಮ, ಅತ್ತಿಗೆ, ಪಕ್ಕದ ಮನೆಯ ಆಂಟಿ, ಎಲ್ಲರ ಮೇಲೂ ಪ್ರಯೋಗ ನಡೆಯಲಿ. ಗೆಳೆಯರ ಮೇಲೆ ಮಾತ್ರ ಮಾಡಿ ನೋಡಿದರೆ ಈ ತೊಡಕು ತಿಳಿಯುವುದೇ ಇಲ್ಲ.

ಮಕ್ಕಳು ಮುತ್ತಿಕೊಳ್ಳುತ್ತಾರೆ. "ಅಂಕಲ್ ಇನ್ನೊಂದು" ಅನ್ನುವುದು ಒಂದು ಬಗೆ, "ಎಡಗೈಲಿದೆ, ನಾನು ನೋಡ್ದೆ" ಅನ್ನುವುದು ಇನ್ನೊಂದು ಬಗೆ. ಎರಡನೆಯವನನ್ನು ಗದರಿಸಿದರೆ ನೀವು ಸೋತಂತೆ. ಅವನನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಊದುವ ಕೆಲಸ ಕೊಡಿ. ತಾನೇ ಮಾಯ ಮಾಡುತ್ತಿದ್ದೇನೆಂದುಕೊಂಡವನು ನಿಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ.

ನಾಣ್ಯಕ್ಕೆ ಬರೋಣ. ಈ ವಿಷಯದಲ್ಲಿ ನಮ್ಮ ಹುಡುಗರ ಮೇಲೆ ನನ್ನದೊಂದು ತಕರಾರಿದೆ. ಅಮೆರಿಕದ ಹಾಫ್ ಡಾಲರ್ ತರಿಸಿಕೊಂಡು ಮದುವೆ ಮನೆಗಳಲ್ಲಿ ತೋರಿಸುತ್ತಾರೆ. ಅದರ ಅಗಲ 30.6 ಮಿ.ಮೀ., ಅಂಗೈಯಲ್ಲಿ ಚೆನ್ನಾಗಿ ಕೂರುತ್ತದೆ, ಪುಸ್ತಕಗಳೆಲ್ಲ ಅದಕ್ಕೇ ಬರೆದವು, ಒಪ್ಪೋಣ. ಆದರೆ ನೋಡುವವರು ಮೊದಲು ಕೇಳುವುದು "ಇದು ಯಾವ ದೇಶದ ಕಾಯಿನ್?" ಅಂತ. ಅದರ ಬೆನ್ನಿಗೇ "ಏನೋ ಸ್ಪೆಷಲ್ ಕಾಯಿನ್" ಅಂತ ಅನುಮಾನ. ಜಾದೂ ಅಲ್ಲಿಗೆ ಅರ್ಧ ಸತ್ತಿತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ, ಕೈಗೂ ಹಿತ. ಆದರೆ ಮದುವೆ ಮನೆಯಲ್ಲಿ ಬೆಳ್ಳಿ ಎಂದರೆ ಲಕ್ಷ್ಮಿ. ಕೈಜಾರಿ ಕೆಳಗೆ ಬಿದ್ದರೆ ಯಾರೋ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ, ನಿಮ್ಮ ಆಟ ಅಲ್ಲಿಗೆ ನಿಲ್ಲುತ್ತದೆ.

ನಿಮ್ಮ ಜೇಬಿನಲ್ಲೇ ಇರುವ ಜೋಡಿ ನೋಡಿ. 10 ರೂಪಾಯಿ ನಾಣ್ಯಕ್ಕೆ ಹೊರಗಿನ ಬಳೆ ಹಳದಿ, ನಡುಭಾಗ ಬಿಳಿ. 2019ರಲ್ಲಿ ಬಿಡುಗಡೆಯಾದ 20 ರೂಪಾಯಿ ನಾಣ್ಯಕ್ಕೆ ಹೊರಗೆ ಬಿಳಿ, ನಡುವೆ ಹಳದಿ. ಬಣ್ಣ ಅದಲುಬದಲು, ಅಗಲ ಎರಡಕ್ಕೂ 27 ಮಿ.ಮೀ. ವಿದೇಶದ ಜಾದೂಗಾರರು ತಾಮ್ರದ ನಾಣ್ಯ, ಬೆಳ್ಳಿ ನಾಣ್ಯ ಅಂತ ಬಣ್ಣ ಬೇರೆಯಾದ, ಗಾತ್ರ ಹೊಂದುವ ಜೋಡಿ ಹುಡುಕಿ ಎರಡು ದೇಶದ ನಾಣ್ಯ ಸೇರಿಸುತ್ತಾರೆ. ನಮಗೆ ಟಂಕಸಾಲೆಯವರೇ ಮಾಡಿಕೊಟ್ಟಿದ್ದಾರೆ. ಒಂದೇ ವ್ಯತ್ಯಾಸವೆಂದರೆ 10 ದುಂಡಗಿದೆ, 20ಕ್ಕೆ ಹನ್ನೆರಡು ಮೂಲೆ. ಬೆರಳ ತುದಿಯಲ್ಲಿ ಸವರಿ ನೋಡಿದರೆ ತಿಳಿಯುತ್ತದೆ, ಮುಚ್ಚಿದ ಮುಷ್ಟಿಯಲ್ಲಿ ಹಾಗೆ ಸವರುವವರು ವಿರಳ. ಸವರಲು ಬಿಡುವು ಕೊಡದಂತೆ ಮಾತಾಡುವುದು ನಿಮ್ಮ ಕೆಲಸ.

ಮಾತಿಗೂ ಬೆಂಗಳೂರೇ ಸರಕು ಕೊಡುತ್ತದೆ. 10 ರೂಪಾಯಿ ನಾಣ್ಯವನ್ನು ನಮ್ಮ ಎಷ್ಟೋ ಅಂಗಡಿಗಳಲ್ಲಿ ಮುಟ್ಟುವುದೇ ಇಲ್ಲ. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿಕೆ ಕೊಟ್ಟರೂ "ನಡೆಯಲ್ಲ ಸರ್" ಎನ್ನುವವರು ಇದ್ದೇ ಇದ್ದಾರೆ. ಕ್ಯೂನಲ್ಲಿ ನಿಂತ ಯಜಮಾನರೊಬ್ಬರಿಗೆ ನಾಣ್ಯ ತೋರಿಸಿ ಹೀಗೆ ಶುರು ಮಾಡಿ: "ಸರ್, ಈ ಹತ್ತು ರೂಪಾಯಿ ಕಾಯಿನ್ ನಮ್ಮ ಏರಿಯಾದಲ್ಲಿ ಯಾರೂ ತಗೊಳ್ತಿಲ್ಲ, ನೀವಾದ್ರೂ ಇಟ್ಕೊಳಿ." ಅವರು ನಕ್ಕೇ ನಗುತ್ತಾರೆ, ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಕೈಗಿಟ್ಟು ಮುಚ್ಚಿಸಿ, "ಗಟ್ಟಿಯಾಗಿ ಹಿಡ್ಕೊಳಿ, ಬಡ್ಡಿ ಬೆಳೀಲಿ" ಅನ್ನಿ. "ಈಗ ನೋಡಿ, ಅಂಗಡಿಯವರು ತಗೊಳ್ತಾರಾ?" ಮುಷ್ಟಿ ಬಿಚ್ಚಿದರೆ 20. ಮುಕ್ಕಾಲು ನಿಮಿಷ. ಮೇಜು ಬೇಕಿಲ್ಲ, ನಾಣ್ಯ ಅವರದೇ ಕೈಯಲ್ಲಿ, ಕ್ಯೂ ಎರಡು ಹೆಜ್ಜೆ ಮುಂದೆ ಹೋದರೆ ನೀವೂ ಎರಡು ಹೆಜ್ಜೆ ಹೋಗುತ್ತೀರಿ.

ಕ್ಯೂನಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ, ಅದನ್ನು ತಡೆಯಿರಿ. ಎಲ್ಲರ ಕೈಯಲ್ಲೂ ಮುಯ್ಯಿ ಕವರ್ ಇರುತ್ತದೆ, ಮೇಲೆ 1 ರೂಪಾಯಿ ಅಂಟಿರುತ್ತದೆ. ಆ ನಾಣ್ಯ ಮಾಯ ಮಾಡಿ ಇನ್ನೆಲ್ಲೋ ತೆಗೆದರೆ ಚೆನ್ನ ಅನ್ನಿಸುತ್ತದೆ. ಬೇಡ. ದುಡ್ಡಿರುವ ಕವರನ್ನು ಅತಿಥಿಯ ಕೈಯಿಂದ ತೆಗೆದುಕೊಂಡ ಜಾದೂಗಾರನನ್ನು, ರಾತ್ರಿ ಮುಯ್ಯಿ ಲೆಕ್ಕ ಬರೆಯುವಾಗ ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಉಂಗುರದ ಐಟಂಗಳಿಗೂ ಇದೇ ಮಾತು. ಎರವಲು ಪಡೆದ ಉಂಗುರ ಕೀ ಬಂಚ್‌ನಲ್ಲಿ ಸಿಗುವುದು ದೊಡ್ಡ ಐಟಂ, ಸಂಶಯವಿಲ್ಲ. ಆದರೆ ಅತ್ತೆಮನೆಯವರು ಹಾಕಿದ ಚಿನ್ನವನ್ನು 600 ಜನರ ನಡುವೆ ನಿಮ್ಮ ಕೈಗೆ ಕೊಟ್ಟವರಿಗೆ ಅದು ಮರಳಿ ಬರುವವರೆಗೆ ಜಾದೂ ಕಾಣುವುದಿಲ್ಲ, ಉಂಗುರ ಮಾತ್ರ ಕಾಣುತ್ತದೆ.

ನೋಟಿನ ಐಟಂ ನೀವು ಬಿಡುತ್ತೀರೋ ಇಟ್ಟುಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಇಟ್ಟುಕೊಳ್ಳುವುದಾದರೆ ಒಂದು ಅಳತೆ ಗಮನಿಸಿ. ಅಮೆರಿಕದಲ್ಲಿ 1 ಡಾಲರೂ 100 ಡಾಲರೂ ಒಂದೇ ಗಾತ್ರ, ಅವರ ಮಡಿಕೆಗಳೆಲ್ಲ ಆ ಲೆಕ್ಕದವು. ನಮ್ಮ ಈಗಿನ 100ರ ನೋಟು 142 ಮಿ.ಮೀ. ಉದ್ದ, 500ರದ್ದು 150. ಅಗಲ ಎರಡಕ್ಕೂ 66. ಆ 8 ಮಿ.ಮೀ. ವ್ಯತ್ಯಾಸ ಮಡಿಕೆಯ ಅಂಚಿನಲ್ಲಿ ಇಣುಕುತ್ತದೆ. ವಿಡಿಯೊದಲ್ಲಿ ಹೇಳಿದ ಹಾಗೆ ಮಡಚಿದರೆ ಸಾಲದು, ನಮ್ಮ ನೋಟಿಗೆ ಮಡಿಕೆಯನ್ನು ನೀವೇ ಹೊಂದಿಸಿಕೊಳ್ಳಬೇಕು. ನೋಟಿನ ಮೇಲೆ ಸಹಿ ಹಾಕಿಸುವುದು, ಹರಿಯುವುದು ಬೇಡ. ನೋಟು ಹರಿದು ಜೋಡಿಸುವುದನ್ನು ಮೆಚ್ಚಿಕೊಳ್ಳಲು ಬೇರೆ ಸಭೆಗಳಿವೆ.

ಇಸ್ಪೀಟಿನ ಪ್ರಶ್ನೆ ಸ್ವಲ್ಪ ನಾಜೂಕು. "ಮದುವೆ ಮನೇಲಿ ಇಸ್ಪೀಟಾ?" ಎಂದು ಹುಬ್ಬು ಏರಿಸುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಅದೇ ರಾತ್ರಿ ಅದೇ ಛತ್ರದ ಮೇಲಿನ ರೂಮಿನಲ್ಲಿ ಭಾವಂದಿರು, ಷಡ್ಡಕರು ಸೇರಿ ಬೆಳಗಿನ ಜಾವದವರೆಗೆ ರಮ್ಮಿ ಆಡುತ್ತಾರೆ, ಅದನ್ನು ಯಾರೂ ಕೇಳುವುದಿಲ್ಲ! ಏನೇ ಇರಲಿ, ಮೊದಲ ಒಂದು ಗಂಟೆ, ಹಿರಿಯರ ಸಾಲಿನಲ್ಲಿ ಪ್ಯಾಕ್ ತೆಗೆಯಬೇಡಿ. ಐಸ್‌ಕ್ರೀಂ ಕೌಂಟರಿನ ಹತ್ತಿರ ತೆಗೆಯಿರಿ. ಹಿರಿಯರನ್ನು ನೋಯಿಸಬಾರದೆಂಬುದು ಒಂದು ಕಾರಣ. ಆಟೀನು, ಕಲಾವರು ಯಾವುದೆಂದು ಗೊತ್ತಿಲ್ಲದವರಿಗೆ "ನಿಮ್ಮ ಎಲೆ ನೆನಪಿಟ್ಟುಕೊಳ್ಳಿ" ಎಂದರೆ ಪರೀಕ್ಷೆ ಕೊಟ್ಟಂತಾಗುತ್ತದೆ ಎಂಬುದು ಎರಡನೆಯದು, ದೊಡ್ಡದೂ ಅದೇ. ಅವರು ಮರೆತರೆ ನಿಮ್ಮ ಐಟಂ ಮುಗಿಯಿತು. ಅದಕ್ಕೇ ಯಾವ ಎಲೆಯಾದರೂ ಅದರ ಮೇಲೆ ಹೆಸರು ಬರೆಸಿ. ಆಮೇಲೆ ಅದು ಆಟೀನ್ ಏಳು ಅಲ್ಲ, "ಶಾಂತಮ್ಮನವರ ಎಲೆ". ಗುಂಪಿನಲ್ಲಿ ಯಾರೂ ಮರೆಯಲು ಸಾಧ್ಯವಿಲ್ಲ. ಮಾರ್ಕರ್ ತೆಳು ಮೊನೆಯದಿರಲಿ, ಬರೆದ ಮರುಕ್ಷಣ ಕ್ಯಾಪ್ ಹಾಕಿ. ಸುತ್ತ ಇರುವುದೆಲ್ಲ ಮೈಸೂರು ಸಿಲ್ಕು, ಕಾಂಜೀವರಂ. ಒಂದು ಗೆರೆ ತಾಗಿದರೆ ನೀವು ಕಲಿತ ಯಾವ ಮಾಯದಿಂದಲೂ ಅದು ಹೋಗುವುದಿಲ್ಲ.

ನಿಂತ ಗುಂಪಿಗೆ ಆ್ಯಂಬಿಷಸ್ ಕಾರ್ಡ್ ಸಾಕು, ಹೆಸರು ಬರೆದ ಎಲೆಯನ್ನು ಪ್ಯಾಕಿನ ನಡುವೆ ಸೇರಿಸಿದಷ್ಟು ಸಲವೂ ಅದು ಮೇಲೆ ಬರುವ ಐಟಂ. ಸಾಮಾನ್ಯವಾಗಿ ಒಂದು ಐಟಂ ಎರಡನೆಯ ಸಲ ತೋರಿಸಬಾರದು ಎನ್ನುತ್ತೇವೆ. ಇದರ ಬಲವೇ ಪುನರಾವರ್ತನೆ. ಯಾವ ಐಟಂ ಆದರೂ ಮೂರು ಸಲ ನೋಡಿದರೆ ಹೇಗೆಂದು ಹೇಳಿಬಿಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿಗೆ 1922ರಲ್ಲಿ ಷಿಕಾಗೊದಲ್ಲಿ ಇನ್ನೊಬ್ಬ ಜಾದೂಗಾರ ಡೈ ವರ್ನನ್ ತೋರಿಸಿದ್ದು ಈ ಜಾತಿಯ ಐಟಂ. ಹೂಡಿನಿ ಸ್ವತಃ ತನ್ನ ಇನಿಷಿಯಲ್ ಬರೆದ ಎಲೆ ಮತ್ತೆ ಮತ್ತೆ ಮೇಲೆ ಬಂತು, ಅವನಿಗೆ ಹೊಳೆಯಲಿಲ್ಲ. ಆರತಕ್ಷತೆಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣ: ತಡವಾಗಿ ಬಂದು ಗುಂಪಿಗೆ ಇಣುಕಿದವನಿಗೂ ಅರ್ಧದಿಂದ ಅರ್ಥವಾಗುತ್ತದೆ. ಹೊರಡಬೇಕಾದವನು ಎರಡನೆಯ ಸುತ್ತಿಗೇ ಹೊರಟರೂ ಅವನಿಗೆ ಒಂದು ಪೂರ್ತಿ ಐಟಂ ಸಿಕ್ಕಿರುತ್ತದೆ. ನಾಲ್ಕು ಸುತ್ತು ಸಾಕು. ರಮ್ಮಿ ಪಳಗಿದ ಮಾವಂದಿರು ನಿಮ್ಮ ಬೆರಳನ್ನೇ ನೋಡುತ್ತಿರುತ್ತಾರೆ. ಅವರಿಗೆ ಐದನೆಯ ಸುತ್ತಿನ ಉಡುಗೊರೆ ಕೊಡಬೇಡಿ.

ಇನ್ವಿಸಿಬಲ್ ಡೆಕ್ ಹುಡುಗ-ಹುಡುಗಿಯ ಸ್ನೇಹಿತರ ಗುಂಪಿಗೆ. 1930ರ ದಶಕದಲ್ಲಿ ಜಾದೂಗಾರ ಜೋ ಬರ್ಗ್ ರೂಪಿಸಿದ ಉಪಾಯ ಇವತ್ತಿಗೂ ಹಳೆಯದಾಗಿಲ್ಲ. ಆದರೆ ಇಲ್ಲದ ಪ್ಯಾಕನ್ನು ಕಲೆಸಿ, ಇಲ್ಲದ ಎಲೆ ತೆಗೆದು ತಿರುಗಿಸಿ ಎಂದೆಲ್ಲ ಮಾತಾಡಬೇಕು, ಅವರು ಕೇಳಿಸಿಕೊಳ್ಳಬೇಕು. ಸ್ಪೀಕರಿನಿಂದ ದೂರ, ಹೊರಗಿನ ಪೋರ್ಟಿಕೋದಲ್ಲಿ ಮಾಡಿ. ಒಂದು ಗುಂಪಿಗೆ ಒಂದೇ ಸಲ, ಮುಗಿದ ತಕ್ಷಣ ಜೇಬಿಗೆ.

ಬಿಡಬೇಕಾದವುಗಳ ಬಗ್ಗೆ ಖಡಾಖಂಡಿತ ಹೇಳುತ್ತೇನೆ. ನಿಂಬೆಹಣ್ಣಿನೊಳಗಿನ ನೋಟು ಒಳ್ಳೆಯ ಐಟಂ, ಅಮೆರಿಕದ ಎಮಿಲ್ ಜ್ಯಾರೋ ಹೆಸರು ಮಾಡಿದ್ದೇ ಅದರಿಂದ. ಆದರೆ ನಮ್ಮಲ್ಲಿ ನಿಂಬೆಹಣ್ಣು ಕುಯ್ಯುವುದು ದೃಷ್ಟಿ ತೆಗೆಯುವಾಗ, ಇಲ್ಲವೇ ಮಾಟದ ಮಾತು ಬಂದಾಗ. ಮುಹೂರ್ತದ ಹಿಂದಿನ ರಾತ್ರಿ "ಜಾದೂ ಮಾಡೋನು ನಿಂಬೆಹಣ್ಣು ಕುಯ್ದ" ಅಂತ ಸುದ್ದಿ ಹರಡಿದರೆ ನಿಮ್ಮ ಚಿಕ್ಕಮ್ಮನಿಗೆ ನಿದ್ದೆ ಬರುವುದಿಲ್ಲ. ದಾರ ಹರಿದು ಕೂಡಿಸುವ ಐಟಂ ಕೂಡ ಬೇಡ. ಮರುದಿನ ಬೆಳಿಗ್ಗೆ ಮಾಂಗಲ್ಯಧಾರಣೆ ಇರುವಾಗ ಹರಿದ ದಾರ ಯಾರಿಗೆ ಬೇಕು, ಅದು ಕೂಡಿಕೊಂಡರೂ ಸರಿ! ಚೀಲದಲ್ಲಿ ಮೊಟ್ಟೆ ಮಾಯವಾಗಿ ಮರಳುವ ಎಗ್ ಬ್ಯಾಗ್ ಇದ್ದರೆ ಅದನ್ನೂ ಬಿಡಿ, ಶುದ್ಧ ಸಸ್ಯಾಹಾರಿ ಛತ್ರಕ್ಕೆ ಮೊಟ್ಟೆ ತಂದವರೆನಿಸಿಕೊಳ್ಳಬೇಡಿ. ಭಗ್ಗನೆ ಉರಿದುಹೋಗುವ ಫ್ಲಾಶ್ ಪೇಪರ್, ಬೆಂಕಿ ಖಂಡಿತ ಕೂಡದು. ಅಲಂಕಾರವೆಲ್ಲ ಬಟ್ಟೆ, ಥರ್ಮಾಕೋಲು, ಒಣಗಿದ ಹೂವು.

ಕೈಯಿಂದ ವಿಭೂತಿ ಉದುರಿಸುವುದನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಊರಿನಲ್ಲಿ ಅದಕ್ಕೊಂದು ಚರಿತ್ರೆಯಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದರು, ಆಗ ಎದ್ದ ಚರ್ಚೆ ದೊಡ್ಡದು. ಅದನ್ನು ಮದುವೆ ಹಾಲ್‌ನಲ್ಲಿ ಮತ್ತೆ ಎಬ್ಬಿಸುವ ಅಗತ್ಯವಿಲ್ಲ, ಒಂದೇ ಸಾಲಿನಲ್ಲಿ ಭಕ್ತರೂ ವಿಚಾರವಾದಿಗಳೂ ಕೂತಿರುತ್ತಾರೆ. ಮನಸ್ಸು ಓದುವ ಐಟಂಗಳನ್ನೂ ತಮಾಷೆಯಾಗಿಯೇ ಮಾಡಿ. ಗಂಭೀರವಾಗಿ ಮಾಡಿದರೆ ಹತ್ತು ನಿಮಿಷದ ಮೇಲೆ ಯಾರೋ ತಾಯಿ ನಿಮ್ಮನ್ನು ಪಕ್ಕಕ್ಕೆ ಕರೆದು "ನನ್ನ ಮಗಳಿಗೆ ಯಾವಾಗ ಕಂಕಣ ಕೂಡಿ ಬರುತ್ತೆ ಹೇಳಪ್ಪ" ಎಂದು ನಿಜವಾಗಿಯೂ ಕೇಳುತ್ತಾರೆ. ಆಗ ನಗುವ ಹಾಗಿಲ್ಲ, ಉತ್ತರ ಕೊಡುವ ಹಾಗೂ ಇಲ್ಲ.

ಹುಡುಗ-ಹುಡುಗಿಗೆ ಯಾವುದು? ಆ್ಯನಿವರ್ಸರಿ ವಾಲ್ಟ್ಸ್ ಕಲಿಯಿರಿ, ಅಮೆರಿಕದ ಡಾಕ್ ಈಸನ್ ಜನಪ್ರಿಯಗೊಳಿಸಿದ ಐಟಂ. ಒಂದು ಎಲೆಯ ಮೇಲೆ ಅವನ ಸಹಿ, ಇನ್ನೊಂದರ ಮೇಲೆ ಅವಳ ಸಹಿ. ಎರಡನ್ನೂ ಮುಖಕ್ಕೆ ಮುಖ ತಾಗದಂತೆ ಬೆನ್ನಿಗೆ ಬೆನ್ನು ಕೊಟ್ಟು ಅವಳ ಎರಡು ಅಂಗೈ ನಡುವೆ ಇಡುತ್ತೀರಿ, ಮೇಲೆ ಅವನು ಕೈ ಇಡುತ್ತಾನೆ. ತೆಗೆದರೆ ಒಂದೇ ಎಲೆ: ಒಂದು ಮಗ್ಗುಲಲ್ಲಿ ಅವನ ಸಹಿ, ಇನ್ನೊಂದರಲ್ಲಿ ಅವಳದು. ಅದು ಅವರ ಹತ್ತಿರವೇ ಉಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಇದಕ್ಕೆ ತಿಂಗಳ ಅಭ್ಯಾಸ ಸಾಕು, ಆದರೆ ಇವತ್ತೇ ಶುರು ಮಾಡಿ. ಮಾತು ಕಷ್ಟವಿಲ್ಲ. "ನಾಳೆ ಪುರೋಹಿತರು ಮಾಡೋ ಕೆಲಸಾನ ನಾನು ಇವತ್ತೇ ಟ್ರಯಲ್ ನೋಡ್ತೀನಿ" ಎಂದರೆ ಸುತ್ತಲಿನವರು ನಗುತ್ತಾರೆ. ಪುರೋಹಿತರು ಹತ್ತಿರವಿದ್ದರೆ ಇನ್ನೊಂದು ಮಾತು ಹುಡುಕಿಕೊಳ್ಳಿ.

ಯಾವಾಗ ಎನ್ನುವುದು ಐಟಂಗಿಂತ ಮುಖ್ಯ. ಕ್ಯೂ ನಡೆಯುತ್ತಿರುವಾಗ ಸ್ಟೇಜ್ ಹತ್ತಿದರೆ ಹಿಂದೆ ನಿಂತ 40 ಜನ ನಿಮ್ಮನ್ನು ಶಪಿಸುತ್ತಾರೆ, ಫೋಟೊದವರೂ ಸೇರಿ. ಕೊನೆಯ ಫೋಟೊ ಮುಗಿದು ಜೋಡಿ ಮನೆಯವರ ಜೊತೆ ಊಟಕ್ಕೆ ಕೂರುತ್ತಾರಲ್ಲ, ರಂಗೋಲಿ ಹಾಕಿ ದೊಡ್ಡ ಬಾಳೆಎಲೆ ಹಾಸಿದ ಜಾಗ, ಅಲ್ಲಿ ಬಡಿಸುವ ಮುಂಚೆ ಎರಡು ನಿಮಿಷ ಸಿಗುತ್ತದೆ. ಹುಡುಗಿ ಅಷ್ಟು ಹೊತ್ತಿಗೆ ದಣಿದಿರುತ್ತಾಳೆ, ನಗುವುದಕ್ಕೆ ಒಂದು ನೆಪ ಬೇಕಾಗಿರುತ್ತದೆ. ಎರಡೂ ಮನೆಯವರು ಸುತ್ತ ಇರುತ್ತಾರೆ. ಚಿಕ್ಕಪ್ಪನಿಗೆ ಮೊದಲೇ ಹೇಳಿಟ್ಟು, ಬಡಿಸುವವರಿಗೆ "ಎರಡು ನಿಮಿಷ ಅಣ್ಣಾ" ಅನ್ನಿಸಿಡಿ.

ಬಟ್ಟೆಯ ಬಗ್ಗೆ ಎರಡು ಮಾತು. ಪಂಚೆ-ಶಲ್ಯ ಉಟ್ಟರೆ ಜೇಬೇ ಇಲ್ಲ. ಶೇರ್ವಾನಿಗೆ ಇರುವ ಜೇಬು ಕೆಲವೊಮ್ಮೆ ಹೊಲಿಗೆ ಹಾಕಿದ ಶೋಕಿ ಜೇಬು. ಆಳವಾದ ಪಕ್ಕದ ಜೇಬುಗಳಿರುವ ಜುಬ್ಬಾ ಹೊಲಿಸಿ. ಸ್ಪಾಂಜ್ ಎಡಕ್ಕೆ, ನಾಣ್ಯ ಬಲಕ್ಕೆ, ಪ್ಯಾಕ್ ಪ್ಯಾಂಟಿನ ಹಿಂಜೇಬಿಗೆ. ಮೊಬೈಲು, ಗಾಡಿ ಕೀ ಅಮ್ಮನ ಬ್ಯಾಗಿಗೆ. ಆ ಬಟ್ಟೆ ತೊಟ್ಟೇ ಅಭ್ಯಾಸ ಮಾಡಿ, ಒಂದು ಗುಂಪು ಬಿಟ್ಟು ಇನ್ನೊಂದಕ್ಕೆ ನಡೆಯುವ ಹತ್ತು ಹೆಜ್ಜೆಯಲ್ಲಿ ಎಲ್ಲವೂ ಸ್ವಸ್ಥಾನಕ್ಕೆ ಮರಳಬೇಕು. ಅಷ್ಟರಲ್ಲಿ ರೀಸೆಟ್ ಆಗದ ಐಟಂ ಎಷ್ಟು ಚೆಂದವಿದ್ದರೂ ಓಡಾಡಿಕೊಂಡು ಮಾಡುವ ಜಾದೂಗೆ ಆಗದು.

ಕ್ಯಾಮೆರಾಗಳನ್ನೂ ಮರೆಯಬೇಡಿ. ಮೊಬೈಲು ಹಿಡಿದವರು ಎದುರಿಗೆ ನಿಂತಿರುತ್ತಾರೆ, ಅದು ಕಾಣುತ್ತದೆ. ಕಾಣದ್ದು ನೆತ್ತಿಯ ಮೇಲೆ ತೇಲುವ ಕ್ರೇನ್ ಕ್ಯಾಮೆರಾ. ಅದು ಹಿಂದಿನಿಂದ ನಿಮ್ಮ ಅಂಗೈ ಹಿಡಿದು ಸ್ಟೇಜ್ ಪಕ್ಕದ ಎಲ್ಇಡಿ ಪರದೆಯಲ್ಲಿ ಆಳೆತ್ತರ ತೋರಿಸಿದರೆ, ನಿಮ್ಮ ಎದುರಿನ ನಾಲ್ಕು ಜನ ಬಿಟ್ಟು ಮಿಕ್ಕವರಿಗೆಲ್ಲ ಗುಟ್ಟು ತಿಳಿದಂತೆಯೇ. ಕ್ರೇನಿನವರನ್ನು ಮೊದಲೇ ಮಾತಾಡಿಸಿ, ಗೋಡೆಗೋ ಕಂಬಕ್ಕೋ ಬೆನ್ನು ಕೊಟ್ಟು ನಿಲ್ಲಿ.

ಇನ್ನು ಆ ಕಪ್ಸ್ ಅಂಡ್ ಬಾಲ್ಸ್. ಮರುದಿನ ಮುಹೂರ್ತ ಇರುವುದರಿಂದ ಎರಡೂ ಕಡೆಯ ಹತ್ತಿರದವರು ರಾತ್ರಿ ಅಲ್ಲೇ ಉಳಿಯುತ್ತಾರೆ. ಹನ್ನೊಂದರ ಮೇಲೆ ರೂಮಿನಲ್ಲಿ ಜಮಖಾನೆ ಹಾಸಿ ಕಸಿನ್‌ಗಳೆಲ್ಲ ಸೇರುತ್ತಾರೆ. ಆಗ ಲೋಟಗಳನ್ನು ತೆಗೆಯಿರಿ. ನಮ್ಮ ಸಂತೆ, ಜಾತ್ರೆಗಳಲ್ಲಿ ಗಾರುಡಿಗರು ನೆಲದಲ್ಲಿ ಕೂತು ಆಡಿಸಿದ ಆಟ ಅದು. ನೆಲದಲ್ಲೇ ಅದರ ಸೊಗಸು, ಸುತ್ತ ಕೂತವರಿಗೆ ಪುರಸೊತ್ತೂ ಇರುತ್ತದೆ. ಎರಡನೆಯ ಪ್ಯಾಕ್ ಇಸ್ಪೀಟನ್ನೂ ಅಲ್ಲಿಗೆ ಒಯ್ಯಿರಿ. ಪಾಲ್ ಕರಿ 1942ರಲ್ಲಿ ಹೊರತಂದ 'ಔಟ್ ಆಫ್ ದಿಸ್ ವರ್ಲ್ಡ್' ನಿಮಗೆ ಬರುತ್ತಿದ್ದರೆ ಅದನ್ನು ಮಾಡಿ: ಎಲೆಯ ಮುಖ ನೋಡದೆಯೇ ಅತಿಥಿ ಕೆಂಪು-ಕಪ್ಪು ಬೇರೆ ಮಾಡುತ್ತಾ ಹೋಗುತ್ತಾರೆ, ತಿರುಗಿಸಿದರೆ ಒಂದೂ ತಪ್ಪಿರುವುದಿಲ್ಲ. ಹಾಲ್‌ನಲ್ಲಿ ಅದಕ್ಕೆ ಬೇಕಾದ ಹತ್ತು ನಿಮಿಷವೂ ಜಾಗವೂ ಸಿಗುವುದಿಲ್ಲ, ಜಮಖಾನೆಯ ಮೇಲೆ ಎರಡೂ ಧಾರಾಳ. ಮನೆಗೆ ಬರಲಿರುವ ಹೊಸ ಭಾವನ ತಮ್ಮನ ಕೈಯಿಂದಲೇ ಎಲೆ ಹಾಕಿಸಿ.

ಸ್ಟೇಜಿಗೆ ಕರೆದರೆ? ಕರೆಯುತ್ತಾರೆ. ಆರ್ಕೆಸ್ಟ್ರಾದವರು ಉಸಿರು ಬಿಡುವ ಹೊತ್ತಿಗೆ ಆ್ಯಂಕರ್ ಮೈಕ್ ಹಿಡಿದು ನಿಮ್ಮ ಹೆಸರು ಕೂಗುತ್ತಾರೆ, ಚಿಕ್ಕಪ್ಪ ಕೈ ಬೀಸುತ್ತಾರೆ. 600 ಜನರಿಗೆ ಒಂದೂವರೆ ಇಂಚಿನ ಸ್ಪಾಂಜ್ ಏನು ಕಂಡೀತು? ಹೋಗಿ, ಕೈ ಮುಗಿಯಿರಿ, ಜೋಡಿಗೆ ಶುಭಾಶಯ ಹೇಳಿ, "ಜಾದೂ ಬೇಕಾದವರು ಊಟ ಮುಗಿಸ್ಕೊಂಡು ಬೀಡಾ ಕೌಂಟರ್ ಹತ್ರ ಬನ್ನಿ" ಎಂದು ಹೇಳಿ ಇಳಿದುಬಿಡಿ.